ಹೂವಿದ್ದಲ್ಲಿ ಚಿಟ್ಟುಗಿಳಿ

ಬಿಳಿಗಿರಿರಂಗನ ಬೆಟ್ಟದಲ್ಲಿ ಚಿಟ್ಟುಗಿಳಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಮರದ ನೆತ್ತಿಯ ಮೇಲೆ ಹಾರಿಹೋಗುವಾಗ ‘ಚೀ-ಚೀ-ಚೀ’ ಎಂದು ಮೂರು ಸ್ವರ ಒತ್ತಿ ಕೂಗುತ್ತದೆ, ಸ್ವಲ್ಪ ಬಿಟ್ಟು ಮತ್ತೆ ಕೂಗುತ್ತದೆ. ತಲೆಯೆತ್ತಿ ನೋಡುವಷ್ಟರಲ್ಲಿ ಹಸಿರು ಚುಕ್ಕೆಯೊಂದು ಏರಿ, ಇಳಿದು, ಮುಂದಿನ ಮರದ ಎಲೆಗಳ ನಡುವೆ ಕಾಣದಾಗಿರುತ್ತದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೂ 14 ಸೆಂಟಿಮೀಟರ್. ನಮ್ಮ ನಾಡಿನ ಗಿಳಿಗಳಲ್ಲೆಲ್ಲ ಇದೇ ಚಿಕ್ಕದು. ಉದ್ದನೆಯ ಬಾಲವಿಲ್ಲ, ಕೊರಳಿಗೆ ಪಟ್ಟಿಯಿಲ್ಲ. ಮೈಯೆಲ್ಲ ಹಸಿರು, ಕೊಕ್ಕು ಕೆಂಪು, ಬೆನ್ನಿನ ಕೆಳಭಾಗದಿಂದ ಬಾಲದ ಮೇಲಿನವರೆಗೆ ಕಡುಗೆಂಪು. ಗಂಡಿನ ಗಂಟಲಲ್ಲಿ ಒಂದು ನೀಲಿ ಮಚ್ಚೆ. ಕೂತಾಗ ರೆಕ್ಕೆ ಆ ಕೆಂಪನ್ನು ಬಹುಪಾಲು ಮುಚ್ಚಿಬಿಡುವುದರಿಂದ ಎದುರಿನ ಕೊಂಬೆಯಲ್ಲೇ ಇದ್ದರೂ ಎಲೆಗೂ ಹಕ್ಕಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಕೊಳ್ಳೇಗಾಲದ ಬಯಲಿನವರಿಗೆ ಗೊತ್ತಿರುವ ಗಿಳಿ ಬೇರೆ. ಅದು ಮುಸುಕಿನ ಜೋಳದ ತೆನೆಗೆ ಹಿಂಡುಗಟ್ಟಿ ಎರಗುವ, ಸೀಬೆಹಣ್ಣನ್ನು ಅರ್ಧ ಕಚ್ಚಿ ಬಿಸಾಡುವ, ರೈತರು ಡಬ್ಬ ಬಡಿದು ಓಡಿಸುವ ಗಿಳಿ. ಅದರ ಬದುಕೆಲ್ಲ ಕಾಳು ಒಡೆಯುವ ಕೊಕ್ಕಿನ ಮೇಲೆ ನಿಂತಿದೆ. ಚಿಟ್ಟುಗಿಳಿ ಹೊಲಕ್ಕೆ ಬರುವ ಹಕ್ಕಿಯಲ್ಲ. ಅದಕ್ಕೆ ಬೇಕಾದದ್ದು ಹೂವಿನ ಮಕರಂದ, ಮೆತ್ತನೆಯ ಹಣ್ಣಿನ ತಿರುಳು, ಜೊತೆಗೆ ಒಂದಿಷ್ಟು ಸಣ್ಣ ಬೀಜ. ಹೂಗೊಂಚಲಿಗೆ ತಲೆಕೆಳಗಾಗಿ ಜೋತುಬಿದ್ದು, ಹೂವಿನೊಳಗೆ ಮುಖವಿಟ್ಟು ನಾಲಿಗೆಯಿಂದ ನೆಕ್ಕುತ್ತದೆ. ಮುಖ ಹೊರಗೆ ಬಂದಾಗ ಕೊಕ್ಕಿನ ಸುತ್ತ ಪರಾಗ ಮೆತ್ತಿರುತ್ತದೆ. ಅದೇ ಮುಖ ಹೊತ್ತು ಮುಂದಿನ ಮರಕ್ಕೆ ಹಾರುತ್ತದೆ. ಸೂರಕ್ಕಿ ಉದ್ದ ಕೊಕ್ಕಿನಿಂದ ಮಾಡುವ ಕೆಲಸವನ್ನು ಇದು ಮೊಂಡು ಕೊಕ್ಕಿನಲ್ಲೇ ಮಾಡಿ ಮುಗಿಸುತ್ತದೆ.

ಮಕರಂದ ಕುಡಿಯುವ ಗಿಳಿಗಳೆಂದರೆ ಜಗತ್ತಿಗೆಲ್ಲ ಥಟ್ಟನೆ ನೆನಪಾಗುವುದು ಆಸ್ಟ್ರೇಲಿಯ, ನ್ಯೂಗಿನಿ ಮತ್ತು ಪೆಸಿಫಿಕ್ ದ್ವೀಪಗಳ ಲೋರಿ, ಲೋರಿಕೀಟ್‌ಗಳು. ಅರವತ್ತರ ಆಸುಪಾಸು ಪ್ರಭೇದಗಳಿರುವ ಆ ಬಳಗದ ನಾಲಿಗೆಯ ತುದಿಯಲ್ಲಿ ಕುಂಚದಂಥ ಸಣ್ಣ ಎಳೆಗಳಿರುತ್ತವೆ. ಮಕರಂದವನ್ನು ಒರೆಸಿ ಎತ್ತಲೂ ಪರಾಗವನ್ನು ಸವರಿಕೊಳ್ಳಲೂ ಅವು ಬೇಕು. ನಮ್ಮ ಚಿಟ್ಟುಗಿಳಿಯನ್ನು ಹಳೆಯ ಪಕ್ಷಿಪುಸ್ತಕಗಳು ‘ಇಂಡಿಯನ್ ಲೋರಿಕೀಟ್’ ಎಂದೇ ಕರೆದವು. ಆದರೆ ಇದಕ್ಕೆ ಅಂಥ ಕುಂಚದ ನಾಲಿಗೆಯಿಲ್ಲ. ವಂಶವಾಹಿ ಅಧ್ಯಯನಗಳ ಪ್ರಕಾರ ಇದರ ಹತ್ತಿರದ ನೆಂಟರು ಆಫ್ರಿಕದ ಲವ್‌ಬರ್ಡ್‌ಗಳು. ಮಕರಂದದ ದಾರಿಯನ್ನು ಲೋರಿಗಳು ಅಲ್ಲಿ ಕಂಡುಕೊಂಡರೆ, ಈ ಪುಟ್ಟ ಬಳಗ ಇಲ್ಲಿ ತನ್ನದೇ ರೀತಿಯಲ್ಲಿ ಕಂಡುಕೊಂಡಿತು. ಬಳಗದಲ್ಲಿ ಸುಮಾರು 14 ಪ್ರಭೇದಗಳಿವೆ, ಭಾರತದಿಂದ ನ್ಯೂಗಿನಿಯ ಆಚೆಯವರೆಗೆ ಹರಡಿವೆ. ಶ್ರೀಲಂಕಾದಲ್ಲಿ ಕೆಂಪು ನೆತ್ತಿಯ ಇನ್ನೊಂದು ಪ್ರಭೇದವಿದೆ, ಅದು ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮದಕ್ಕೆ 1787ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಸ್ವೀಡನ್ನಿನ ಆಂಡರ್ಸ್ ಸ್ಪಾರ್‌ಮನ್. ಪಶ್ಚಿಮಘಟ್ಟದಲ್ಲೂ ಈಶಾನ್ಯ ಭಾರತದಲ್ಲೂ ಅಂಡಮಾನಿನಲ್ಲೂ ಬರ್ಮಾ, ಥಾಯ್ಲೆಂಡಿನ ಕಾಡುಗಳಲ್ಲೂ ಇದೇ ಹಕ್ಕಿಯಿದೆ.

ಈ ಬಳಗದ ಇನ್ನೊಂದು ವಿಶೇಷ ರಾತ್ರಿಯದು. ಚಿಟ್ಟುಗಿಳಿ ಮಲಗುವುದೂ ತಲೆಕೆಳಗಾಗಿಯೇ, ಬಾವಲಿಯ ಹಾಗೆ ಕೊಂಬೆಗೆ ಕಾಲು ಸಿಕ್ಕಿಸಿಕೊಂಡು. ಹಕ್ಕಿಲೋಕದಲ್ಲಿ ಹೀಗೆ ನಿದ್ದೆ ಮಾಡುವವು ಬಲು ವಿರಳ. ಗೂಡಿನ ವಿಷಯದಲ್ಲೂ ಇದರದು ಬೇರೆಯೇ ದಾರಿ. ಮರದ ಪೊಟರೆಯಲ್ಲಿ ಎರಡರಿಂದ ನಾಲ್ಕು ಬಿಳಿ ಮೊಟ್ಟೆ ಇಡುತ್ತದೆ ನಿಜ, ಆದರೆ ಪೊಟರೆಗೆ ಹಾಸಲು ಬೇಕಾದ ಎಲೆಯ ಸೀಳುಗಳನ್ನು ಹೆಣ್ಣು ಕೊಕ್ಕಿನಲ್ಲಿ ಕಚ್ಚಿ ತರುವುದಿಲ್ಲ. ಕತ್ತರಿಸಿದ ಸೀಳುಗಳನ್ನು ಬಾಲದ ಬುಡದ ಗರಿಗಳ ನಡುವೆ ಸಿಕ್ಕಿಸಿಕೊಂಡು ಹಾರಿ ತರುತ್ತದೆ. ಮರಿ ಮಾಡುವ ಕಾಲ ಜನವರಿಯಿಂದ ಏಪ್ರಿಲ್. ಈ ತಿಂಗಳುಗಳನ್ನು ನೆನಪಿಟ್ಟುಕೊಳ್ಳಬೇಕು, ಬೆಟ್ಟದ ಹೂವಿನ ಲೆಕ್ಕವೂ ಇಲ್ಲಿಂದಲೇ ಶುರುವಾಗುತ್ತದೆ.

ಯಳಂದೂರಿನಿಂದ ಹೊರಟು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತುವವರು ಒಂದು ತಾಸಿನೊಳಗೆ ಹಲವು ಬಗೆಯ ಕಾಡು ನೋಡುತ್ತಾರೆ. ಬುಡದಲ್ಲಿ ಮುಳ್ಳುಕಂಟಿಯ ಕುರುಚಲು, ಅದರ ಮೇಲೆ ಎಲೆಯುದುರುವ ಒಣಕಾಡು, ಇನ್ನೂ ಮೇಲೆ ತೇವದ ಕಾಡು, ನೆತ್ತಿಯಲ್ಲಿ ಶೋಲೆ ಮತ್ತು ಹುಲ್ಲುಗಾವಲು. ತಪ್ಪಲಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಎತ್ತರದ ಕಡೆ ಅದರ ಹಲವು ಪಟ್ಟು ಸುರಿಯುತ್ತದೆ. ಪಶ್ಚಿಮಘಟ್ಟದಿಂದ ಪೂರ್ವಕ್ಕೆ ಚಾಚಿಕೊಂಡು ಪೂರ್ವಘಟ್ಟದ ಕಡೆ ಕೈನೀಡಿರುವ ಬೆಟ್ಟಸಾಲು ಇದು. ಹಾಗಾಗಿ ಎರಡೂ ಕಡೆಯ ಗಿಡ, ಹಕ್ಕಿ ಇಲ್ಲಿ ಒಂದಾಗುತ್ತವೆ. ಚಿಟ್ಟುಗಿಳಿಗೆ ತೇವದ ಕಾಡು ಬೇಕು. ಕೊಳ್ಳೇಗಾಲದ ಹಿಪ್ಪುನೇರಳೆ ತೋಟಗಳಲ್ಲಾಗಲಿ, ಮಹದೇಶ್ವರ ಬೆಟ್ಟದ ಬುಡದ ಒಣಕಾಡಿನಲ್ಲಾಗಲಿ ಅದನ್ನು ಹುಡುಕಿ ಹೋಗುವುದು ವ್ಯರ್ಥ. ಬೆಟ್ಟದ ಮೇಲಿನ ತೇವದ ಕಾಡು, ಕಾಫಿ ತೋಟಗಳ ಅಂಚು, ಹನೂರಿನ ಕಡೆಯಿಂದ ಏರುವ ಬೈಲೂರು ವಲಯದ ಕಣಿವೆಗಳು, ಇಂಥಲ್ಲಿ ಅದರ ಓಡಾಟಕ್ಕೆ ಒಪ್ಪುವ ಮರಗಳಿವೆ.

ಇವತ್ತು ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ತಾಲ್ಲೂಕು ಚಾಮರಾಜನಗರ ಜಿಲ್ಲೆಗೇ ಸೇರಿದರೂ ಹಿಂದೆ ಹಾಗಿರಲಿಲ್ಲ. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕ ಜಹಗೀರು. ಕೊಳ್ಳೇಗಾಲ, ಅದರೊಳಗಿದ್ದ ಹನೂರು, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿ 1956ರವರೆಗೂ ಅಲ್ಲೇ ಇದ್ದವು. ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಒಂದೇ ಬೆಟ್ಟಸಾಲು ಎರಡು ಸರ್ಕಾರಗಳ ನಡುವೆ ಹಂಚಿಹೋಗಿತ್ತು. ಹೊನ್ನಮೇಟಿಯ ಕಾಫಿ ಬೆಳೆಗಾರ ಆರ್.ಸಿ. ಮಾರಿಸ್ ಈ ಕಾಡಿನ ಪ್ರಾಣಿ-ಪಕ್ಷಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ದಶಕಗಳ ಕಾಲ ಟಿಪ್ಪಣಿ ಬರೆದು ಕಳಿಸುತ್ತಿದ್ದರು. ಹಕ್ಕಿಗೆ ಸಂಸ್ಥಾನದ ಗಡಿಯೂ ಗೊತ್ತಿಲ್ಲ, ತಾಲ್ಲೂಕಿನ ಗಡಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾವ ಮರ ಯಾವಾಗ ಹೂಬಿಡುತ್ತದೆ ಎಂಬುದು ಮಾತ್ರ.

ಚಿಟ್ಟುಗಿಳಿಯ ನೆಲೆಯನ್ನು ಅರ್ಥಮಾಡಿಕೊಳ್ಳಲು ನಕಾಶೆ ಸಾಲದು, ಪಂಚಾಂಗ ಬೇಕು. ಮಾಗಿ ಕಳೆದು ಕಾಡು ಎಲೆಯುದುರಿಸಿ ನಿಂತಾಗ, ಹುಲ್ಲು ಒಣಗಿ ಹಣ್ಣು ವಿರಳವಾದಾಗ, ಬೂರುಗ ಕೆಂಪಾಗುತ್ತದೆ. ಅದರ ಹಿಂದುಮುಂದಾಗಿ ಹಾಲವಾಣ, ಅದರೊಡನೆ ಮುತ್ತುಗ. ಮೂರೂ ಹೆಚ್ಚುಕಡಿಮೆ ಬೋಳು ಕೊಂಬೆಯ ಮೇಲೆ ಹೂಬಿಡುತ್ತವೆ. ಮೂರಕ್ಕೂ ಕೆಂಪು ಅಥವಾ ಕೇಸರಿ ಬಣ್ಣ, ದಪ್ಪ ದಳ, ಹೆಸರಿಗೂ ಸುವಾಸನೆಯಿಲ್ಲ. ಮೂಗಿನಿಂದ ಹುಡುಕುವ ಕೀಟಕ್ಕಲ್ಲ, ದೂರದಿಂದ ಬಣ್ಣ ಕಾಣಬಲ್ಲ ಹಕ್ಕಿಗಾಗಿ ಅರಳಿದ ಹೂಗಳಿವು. ಬೂರುಗದ ಹೂ ಅಂಗೈಯಗಲದ ಬಟ್ಟಲು, ಅದರ ತಳದಲ್ಲಿ ತೆಳ್ಳನೆಯ ಮಕರಂದ ಧಾರಾಳವಾಗಿ ನಿಲ್ಲುತ್ತದೆ. ಹೂಬಿಟ್ಟ ಒಂದು ಬೂರುಗದ ಕೆಳಗೆ ಬೆಳಗಿನ ಹೊತ್ತು ನಿಂತರೆ ಪಿಕಳಾರ, ಕಾಜಾಣ, ಎಲೆಹಕ್ಕಿ, ಗೊರವಂಕ, ಸೂರಕ್ಕಿ, ಒಮ್ಮೊಮ್ಮೆ ಮರಕುಟಿಗ, ಚಳಿಗಾಲದ ಅತಿಥಿಯಾದ ಗುಲಾಬಿ ಕಬ್ಬಕ್ಕಿ, ಎಲ್ಲವೂ ಒಂದೇ ಮರದಲ್ಲಿ ಜಗಳವಾಡುವುದನ್ನು ನೋಡಬಹುದು. ಭಾರತದ ಹೂಗಳಿಗೂ ಹಕ್ಕಿಗಳಿಗೂ ಇರುವ ಈ ಸಂಬಂಧದ ಬಗ್ಗೆಯೇ ಸಲೀಂ ಅಲಿ 1932ರಲ್ಲಿ ಒಂದು ದೀರ್ಘ ಲೇಖನ ಬರೆದಿದ್ದರು.

ಚಿಟ್ಟುಗಿಳಿ ಮೊಟ್ಟೆಯಿಟ್ಟು ಮರಿ ಸಾಕುವುದೂ ಇದೇ ತಿಂಗಳುಗಳಲ್ಲಿ. ಹಗಲೆಲ್ಲ ಹಾರಾಡುವ ಅಷ್ಟು ಪುಟ್ಟ ಮೈಗೆ ಸಕ್ಕರೆಯ ಶಕ್ತಿ ಬೇಗ ಬೇಕು, ಬೇಗ ಕರಗಿಯೂ ಹೋಗುತ್ತದೆ. ಹೂ ಮುಗಿದ ಮರದಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಆಮೇಲೆ ಅತ್ತಿ, ಗೋಣಿ, ಬಸರಿಗಳ ಹಣ್ಣು ಇವೆ. ಮತ್ತೆ ಬೇರೆ ಎತ್ತರದಲ್ಲಿ, ಬೇರೆ ಕಣಿವೆಯಲ್ಲಿ ಬೇರೆ ಹೂ. ಒಂದು ವಾರ ಕಿವಿತುಂಬ ಕೇಳಿಸಿದ ಹಕ್ಕಿ ಮರುವಾರ ಆ ದಿಕ್ಕಿನಲ್ಲೇ ಇರುವುದಿಲ್ಲ. ಪಕ್ಷಿತಜ್ಞರು ಇದನ್ನು ಋತುವಿಗೆ ತಕ್ಕಂತೆ ಸ್ಥಳ ಬದಲಿಸುವ ಹಕ್ಕಿ ಎಂದು ಗುರುತಿಸಿದ್ದಾರೆ. ತೆಂಗು, ತಾಳೆಗಳಿಗೆ ಕಟ್ಟಿದ ಹೆಂಡದ ಮಡಕೆಗೂ ಇಳಿದು ಕುಡಿದು ಅಮಲೇರಿಸಿಕೊಳ್ಳುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಸಿಹಿ ಎಲ್ಲಿದ್ದರೂ ಪತ್ತೆಹಚ್ಚುವ ಹಕ್ಕಿಗೆ ಅದು ಆಶ್ಚರ್ಯವೇನಲ್ಲ.

ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು. ಈ ಸರದಿಯೇ ಚಿಟ್ಟುಗಿಳಿಯ ನಿಜವಾದ ನೆಲೆ. ಕಾಡಿಗೆ ಬೇಲಿ ಹಾಕಿ, ಹುಲಿ ಎಣಿಸಿ, ವಿಸ್ತೀರ್ಣ ಬರೆದಿಟ್ಟರೆ ನೆಲೆ ಉಳಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಬಿಳಿಗಿರಿರಂಗನ ಬೆಟ್ಟ, ಅಂದರೆ ಬಿ.ಆರ್.ಟಿ., 1974ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ಸುಮಾರು 575 ಚದರ ಕಿಲೋಮೀಟರಿನ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪಕ್ಕದ ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಸುಮಾರು 906 ಚದರ ಕಿಲೋಮೀಟರಿನೊಂದಿಗೆ ಬಂತು. ಇವೆಲ್ಲ ಬೇಕಾಗಿಯೇ ಇದ್ದವು. ಆದರೆ ಗಡಿಯೊಳಗೆ ಮರ ನಿಂತಿರುವುದು ಬೇರೆ, ಆ ಮರಕ್ಕೆ ಮುಂದಿನ ಪೀಳಿಗೆ ಇರುವುದು ಬೇರೆ.

ಲಾಂಟಾನ ಎಂಬ ಪೊದೆಗಿಡದ ಕಥೆ ಇಲ್ಲಿ ಬರುತ್ತದೆ. ಏಟ್ರೀ ಸಂಸ್ಥೆಯ ಸಂಶೋಧಕರು ಬಿ.ಆರ್.ಟಿ. ಕಾಡಿನಲ್ಲಿ ಗುರುತು ಮಾಡಿಟ್ಟ ತಾಣಗಳನ್ನು ಮತ್ತೆ ಪರೀಕ್ಷಿಸಿದಾಗ, 1997ರಲ್ಲಿ ಶೇ 41ರಷ್ಟು ತಾಣಗಳಲ್ಲಿದ್ದ ಲಾಂಟಾನ 2008ರ ಹೊತ್ತಿಗೆ ಶೇ 81ಕ್ಕೆ ಏರಿತ್ತು. ಹನ್ನೊಂದು ವರ್ಷದಲ್ಲಿ ಇಷ್ಟು. ಅದರ ಪೊದೆಯಡಿ ಬಿಸಿಲು ಇಳಿಯುವುದಿಲ್ಲ, ಸ್ಥಳೀಯ ಮರಗಳ ಸಸಿ ಏಳುವುದಿಲ್ಲ. ಮೇಲೆ ನೋಡಿದರೆ ಹಳೆಯ ಮರಗಳು ಹೂಬಿಟ್ಟು ನಿಂತಿವೆ, ಕೆಳಗೆ ಅವುಗಳ ಮಕ್ಕಳಿಲ್ಲ. ಇಂಥ ಕಾಡು ಇವತ್ತು ಚೆನ್ನಾಗಿಯೇ ಕಾಣುತ್ತದೆ. ಹಳೆಯ ಬೂರುಗವೊಂದು ಗಾಳಿಗೆ ಉರುಳಿದ ದಿನ ಅದರ ಜಾಗಕ್ಕೆ ಬರುವವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಇದಕ್ಕೆ ತಮ್ಮದೇ ವಿವರಣೆ ಕೊಡುತ್ತಾರೆ, ಅದನ್ನು ಗಮನವಿಟ್ಟು ಕೇಳಬೇಕು. ಮೊದಲು ಅವರು ಜನವರಿ, ಫೆಬ್ರುವರಿಯಲ್ಲಿ, ನೆಲದಲ್ಲಿ ಇನ್ನೂ ಪಸೆಯಿರುವಾಗಲೇ, ಉದುರಿದ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ನೆಲಮಟ್ಟದಲ್ಲಿ ಓಡಿ ಆರಿಹೋಗುವ ಬೆಂಕಿ ಅದು, ಮರದ ತಲೆಗೆ ಏರುತ್ತಿರಲಿಲ್ಲ. ವನ್ಯಜೀವಿಧಾಮ ಬಂದ ಮೇಲೆ ಅದು ನಿಂತಿತು. ಬೆಂಕಿ ನಿಂತದ್ದರಿಂದಲೇ ಲಾಂಟಾನ ಹಬ್ಬಿತು, ಈಗ ಬೇಸಿಗೆಯ ಕೊನೆಗೆ ಬೆಂಕಿ ಬಿದ್ದರೆ ಒಣಗಿದ ಲಾಂಟಾನ ಏಣಿಯಾಗಿ ಜ್ವಾಲೆ ಮರದ ನೆತ್ತಿ ಮುಟ್ಟುತ್ತದೆ ಎನ್ನುವುದು ಅವರ ವಾದ. ಇದರ ಜೊತೆಗೆ ಅವರು ಹೇಳುವ ಇನ್ನೊಂದು ಮಾತು ಹೂಹಕ್ಕಿಗಳ ವಿಷಯಕ್ಕೆ ನೇರವಾಗಿ ಬರುತ್ತದೆ. ಬೆಂಕಿ ನಿಂತ ಮೇಲೆ ಮರಗಳಲ್ಲಿ ಬಂದಳಿಕೆ ಹೆಚ್ಚಿತು. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ.

ಬಂದಳಿಕೆ ಬೇರೆ ಮರದ ಕೊಂಬೆಯೊಳಗೆ ಬೇರು ಇಳಿಸಿ ಅದರ ನೀರು, ಸಾರ ಹೀರುವ ಗಿಡ. ಬಿಳಿಗಿರಿಯ ನೆಲ್ಲಿಮರಗಳನ್ನು ಅದು ಮುತ್ತಿಕೊಂಡಿದೆ. ಮುತ್ತಿಕೊಂಡ ಮರ ಕಾಯಿ ಕಡಿಮೆ ಬಿಡುತ್ತದೆ, ಕ್ರಮೇಣ ಸಾಯುತ್ತದೆ. ನೆಲ್ಲಿಕಾಯಿ ಆಯ್ದು ಬದುಕುತ್ತಿದ್ದ ಸೋಲಿಗರಿಗೆ ಇದು ಅನ್ನದ ಪ್ರಶ್ನೆ. ಕಾಯಿ ಕೀಳಲು ಹೋದವರು ಬಂದಳಿಕೆ ಹಿಡಿದ ಕೊಂಬೆಯನ್ನೂ ಕಡಿದು ಹಾಕುತ್ತಿದ್ದರು, ಅದರಿಂದ ಮರ ಉಳಿಯುತ್ತಿತ್ತು. 2006ರಲ್ಲಿ ಕಾಡಿನ ಕಿರುಉತ್ಪನ್ನ ಸಂಗ್ರಹವೇ ನಿಷೇಧವಾದಾಗ ಆ ಕೈಯೂ ನಿಂತಿತು. 2011ರಲ್ಲಿ ಅರಣ್ಯಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಹೀಗೆ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು.

ಇದರ ಇನ್ನೊಂದು ಮುಖವೆಂದರೆ, ನೆಲ್ಲಿಗೆ ಶತ್ರುವಾದ ಈ ಬಂದಳಿಕೆ ಹೂಹಕ್ಕಿಗಳಿಗೆ ಬಂಧು. ಅದರ ಕೊಳವೆಯಂಥ ಹೂಗಳಲ್ಲಿ ಸೂರಕ್ಕಿಗೆ ಮಕರಂದವಿದೆ. ಅದರ ಹಣ್ಣನ್ನು ನುಂಗಿ, ಅಂಟಿನ ಬೀಜವನ್ನು ಕೊಂಬೆಗೆ ಒರೆಸಿ ಗಿಡವನ್ನು ಹಬ್ಬಿಸುವ ಹಕ್ಕಿಗೆ ನಾವು ಬಂದಳಿಕೆಯ ಇನ್ನೊಂದು ಹೆಸರಿನಿಂದ ಬದನಿಕೆ ಹಕ್ಕಿ ಎಂದೇ ಹೆಸರಿಟ್ಟಿದ್ದೇವೆ. ಹಾಗಾದರೆ ಬಂದಳಿಕೆಯನ್ನು ಪೂರ್ತಿ ತೆಗೆಯಬೇಕೇ, ಬಿಡಬೇಕೇ? ನನ್ನ ಮಟ್ಟಿಗೆ ಸೋಲಿಗರ ಹಳೆಯ ಪದ್ಧತಿಯಲ್ಲೇ ಉತ್ತರವಿದೆ. ಅವರು ಅದನ್ನು ಬೇರುಸಹಿತ ನಾಶಮಾಡುವ ಹುಚ್ಚಿಗೆ ಬೀಳಲಿಲ್ಲ, ಕೈಗೆ ಸಿಕ್ಕ ಕೊಂಬೆ ಕಡಿದರು, ಉಳಿದದ್ದನ್ನು ಬಿಟ್ಟರು. ನೆಲ್ಲಿಯೂ ಇತ್ತು, ಹೂಹಕ್ಕಿಯೂ ಇತ್ತು. ಕಾಡನ್ನು ಮುಟ್ಟದೆ ಬಿಟ್ಟರೆ ಸಾಕು ಎಂಬ ನಂಬಿಕೆ ಇಲ್ಲಿ ನೆಲ್ಲಿಮರಕ್ಕೆ ಒಳ್ಳೆಯದು ಮಾಡಿಲ್ಲ, ಸೋಲಿಗರಿಗೂ ಮಾಡಿಲ್ಲ. ಬೆಟ್ಟದ ಒಂದು ಪೋಡಿನ, ಅಂದರೆ ಸೋಲಿಗರ ಹಾಡಿಯ, ಹೆಸರೇ ಮುತ್ತುಗದಗದ್ದೆ. ಮರದ ಹೆಸರನ್ನು ಊರಿಗಿಟ್ಟು ಬದುಕಿದವರ ಅರಿವನ್ನು ಬಿಟ್ಟು ಈ ಕಾಡಿನ ಹೂವಿನ ಲೆಕ್ಕ ಬರೆಯಲಾಗದು.

ಕಾಫಿ ತೋಟಗಳದ್ದು ಇನ್ನೊಂದು ಲೆಕ್ಕ. ಕಾಫಿಗೆ ನೆರಳು ಬೇಕು, ಕಾಳುಮೆಣಸಿನ ಬಳ್ಳಿಗೆ ಆಸರೆ ಬೇಕು. ಎರಡಕ್ಕೂ ಹಿಂದಿನಿಂದ ಹಾಲವಾಣ ಒದಗುತ್ತಿತ್ತು, ಕೊಂಬೆ ನೆಟ್ಟರೆ ಮರವಾಗುವ ಜಾತಿ. ಅದು ಹೂಬಿಟ್ಟರೆ ಚಿಟ್ಟುಗಿಳಿಗೆ ಹಬ್ಬ. 2005ರ ಆಸುಪಾಸಿನಲ್ಲಿ ದಕ್ಷಿಣ ಭಾರತಕ್ಕೆ ಬಂದ ಒಂದು ಸಣ್ಣ ಗಂಟುಕಣಜ ಹಾಲವಾಣದ ಚಿಗುರಿನಲ್ಲಿ ಮೊಟ್ಟೆಯಿಟ್ಟು, ಎಲೆ ತೊಟ್ಟುಗಳನ್ನೆಲ್ಲ ಗಂಟುಗಂಟಾಗಿಸಿ ಮರಗಳನ್ನು ಸೊರಗಿಸಿತು. ಆಗಲೇ ಬೆಳೆಗಾರರ ಮನಸ್ಸು ಸಿಲ್ವರ್ ಓಕ್ ಕಡೆ ತಿರುಗಿತ್ತು. ನೆಟ್ಟಗೆ ಬೆಳೆಯುತ್ತದೆ, ಮರ ಮಾರಿದರೆ ದುಡ್ಡು. ಸಿಲ್ವರ್ ಓಕ್ ಮೂಲತಃ ಆಸ್ಟ್ರೇಲಿಯದ್ದು. ಅದರ ಕೇಸರಿ ಹೂಗಳಲ್ಲಿ ಮಕರಂದ ತುಂಬಿರುತ್ತದೆ, ಅಲ್ಲಿಯ ಲೋರಿಕೀಟ್‌ಗಳು ಅದಕ್ಕೆ ಮುಗಿಬೀಳುತ್ತವೆ. ಹಾಗಾದರೆ ನಷ್ಟವೇನು ಎಂದು ಕೇಳಬಹುದು. ಹೂ ಇದೆ, ಸರದಿ ಇಲ್ಲ, ಅದೇ ನಷ್ಟ. ತೋಟದ ನೆರಳೆಲ್ಲ ಒಂದೇ ಜಾತಿಯಾದರೆ ಎಲ್ಲ ಮರವೂ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಮುಗಿಸುತ್ತವೆ. ಅತ್ತಿಯ ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ. ಉಳಿದ ತಿಂಗಳು ಹಕ್ಕಿಗೆ ಆ ತೋಟ ಬರಿದು. ಬಿಳಿಗಿರಿಯ ಪೋಡುಗಳಲ್ಲಿ ಸೋಲಿಗರು ಕಾಡುಮರಗಳ ನೆರಳಲ್ಲೇ ಬೆಳೆಯುವ ಕಾಫಿಗೆ ಈ ದೃಷ್ಟಿಯಿಂದಲೂ ಹೆಚ್ಚಿನ ಬೆಲೆ ಸಿಗಬೇಕು. ಅದರ ಪ್ಯಾಕೆಟ್ ಕೊಳ್ಳುವವರು ಒಂದು ಅತ್ತಿಮರವನ್ನೂ ಕೊಂಡ ಹಾಗೆಯೇ.

ತಪ್ಪಲಿನ ಬಯಲನ್ನು ಮರೆಯುವಂತಿಲ್ಲ. ಚಿಟ್ಟುಗಿಳಿ ಇಲ್ಲಿಗೆ ಇಳಿಯದಿದ್ದರೂ ಅದರ ಜೊತೆ ಹೂ ಹಂಚಿಕೊಳ್ಳುವ ಹತ್ತಾರು ಹಕ್ಕಿಗಳು ಬೆಟ್ಟಕ್ಕೂ ಬಯಲಿಗೂ ಓಡಾಡುತ್ತವೆ. ಹೊಲದ ಬದುವಿನಲ್ಲಿ ಹಾಲವಾಣ, ಬೂರುಗ, ಮುತ್ತುಗ ನಿಲ್ಲುತ್ತಿದ್ದ ಕಾಲವೊಂದಿತ್ತು. ಬೂರುಗದ ಮೆದು ಮರ ಬೆಂಕಿಕಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಯಿತು. ಬದುವೇ ಕಿರಿದಾಯಿತು. ಬಿ.ಆರ್.ಟಿ. ಮತ್ತು ಮಹದೇಶ್ವರ ಬೆಟ್ಟದ ಕಾಡುಗಳನ್ನು ಜೋಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಗಾಗಿ ಸಂರಕ್ಷಣಾ ಸಂಸ್ಥೆಗಳು ಖಾಸಗಿ ಜಮೀನನ್ನೇ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದವು. ಆನೆಗಾಗಿ ಉಳಿದ ಆ ಪಟ್ಟಿಯಲ್ಲಿ ಮುತ್ತುಗ ಹೂಬಿಟ್ಟರೆ ಹೂಹಕ್ಕಿಗಳಿಗೂ ದಾರಿ ಉಳಿಯುತ್ತದೆ.

ಪೇಟೆಯ ಮಾತೊಂದನ್ನೂ ಹೇಳಬೇಕು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಬಣ್ಣಬಣ್ಣದ ಲೋರಿಗಳನ್ನು ಸಾಕುವವರಿದ್ದಾರೆ. ಅವು ವಿದೇಶಿ ಹಕ್ಕಿಗಳು, ಅವುಗಳ ಕಾನೂನು ಬೇರೆ. ನಮ್ಮ ಕಾಡಿನ ಗಿಳಿಯನ್ನು, ಅದು ಯಾವುದೇ ಜಾತಿಯದಿರಲಿ, ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದಿನವಿಡೀ ಮರದಿಂದ ಮರಕ್ಕೆ ಹಾರಿ ಮಕರಂದ ಕುಡಿಯುವ ಹಕ್ಕಿಯನ್ನು ಕಾಳಿನ ತಟ್ಟೆಯ ಮುಂದೆ ಕೂರಿಸುವುದು ಅದರ ಜೀವ ತೆಗೆದಂತೆಯೇ.

ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಚಿಟ್ಟುಗಿಳಿ ಸದ್ಯಕ್ಕೆ ಅಪಾಯವಿಲ್ಲದ ಪ್ರಭೇದ. ಇದು ಸಮಾಧಾನದ ವಿಷಯ, ಕೆಲಸ ಮಾಡಲು ಸಮಯವಿದೆ ಎಂದರ್ಥ. ಆ ಕೆಲಸ ದೊಡ್ಡ ಯೋಜನೆಯಿಂದಲೇ ಶುರುವಾಗಬೇಕಿಲ್ಲ. ದೇಶದಾದ್ಯಂತ ಶಾಲಾಮಕ್ಕಳು, ಆಸಕ್ತರು ಸೇರಿ ತಮ್ಮ ಸುತ್ತಲಿನ ಮರ ಯಾವಾಗ ಚಿಗುರಿತು, ಹೂಬಿಟ್ಟಿತು, ಕಾಯಾಯಿತು ಎಂದು ವಾರವಾರ ಬರೆದಿಡುವ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮವಿದೆ. ಒಬ್ಬ ಶಿಕ್ಷಕ, ಒಂದು ನೋಟ್‌ಬುಕ್ ಅಥವಾ ಮೊಬೈಲ್, ಶಾಲೆಯ ಹತ್ತಿರದ ಒಂದು ಮರ ಇದ್ದರೆ ಆಯಿತು. ಬೆಟ್ಟದ ಮೇಲಿನ ಶಾಲೆಯೊಂದು ಹಾಲವಾಣವನ್ನು, ಯಳಂದೂರಿನದೊಂದು ಬೂರುಗವನ್ನು, ಹನೂರಿನ ಲೊಕ್ಕನಹಳ್ಳಿ ಕಡೆಯದೊಂದು ಮುತ್ತುಗವನ್ನು, ಕೊಳ್ಳೇಗಾಲದ ಗುಂಡಾಲ್ ಜಲಾಶಯದ ಬಳಿಯದೊಂದು ಅತ್ತಿಯನ್ನು ಐದು ವರ್ಷ ಬಿಡದೆ ಬರೆದಿಟ್ಟರೆ, ಈ ಬೆಟ್ಟದ ಹೂವಿನ ಸರದಿ ಕಾಗದದ ಮೇಲೆ ಬರುತ್ತದೆ. ಯಾವ ತಿಂಗಳಲ್ಲಿ ಹೂ ತಪ್ಪುತ್ತದೆ ಎಂದು ಗೊತ್ತಾದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಯಾವ ಸಸಿ ಎಬ್ಬಿಸಬೇಕು, ಲಾಂಟಾನ ಕಿತ್ತ ಜಾಗದಲ್ಲಿ ಏನು ನೆಡಬೇಕು, ತೋಟದ ಬೇಲಿಗೆ ಯಾವ ಕೊಂಬೆ ಊರಬೇಕು ಎಂದು ಊಹೆಯಿಲ್ಲದೆ ಹೇಳಬಹುದು. ಜನವರಿ ಮೊದಲ ವಾರ ಇದಕ್ಕೆ ಒಳ್ಳೆಯ ಸಮಯ, ಬೂರುಗ ಆಗ ಮೊಗ್ಗು ಕಟ್ಟಲು ಶುರುಮಾಡಿರುತ್ತದೆ.